ಗ್ರಾಫಿಕ್ಸ್ ಕಾರ್ಡಿನ ತಾಮ್ರದ ಕೊಳವೆಯೊಳಗೆ ನೀರು ಏನು ಮಾಡುತ್ತದೆ?

ಕೆಟ್ಟುಹೋದ ಹಳೇ ಗ್ರಾಫಿಕ್ಸ್ ಕಾರ್ಡೊಂದರ ಕೂಲರ್ ಬಿಚ್ಚಿ, ಅದರಲ್ಲಿದ್ದ ಒಂದು ತಾಮ್ರದ ಕೊಳವೆಯನ್ನು ಹೊರಗೆ ತೆಗೆದಿದ್ದೆ. ಪೆನ್ಸಿಲ್‌ಗಿಂತ ಸ್ವಲ್ಪ ತೆಳ್ಳಗೆ, ಒಂದು ಗೇಣುದ್ದ. ಕೈಯಲ್ಲಿ ಹಿಡಿದರೆ ನೋಡಿದ್ದಕ್ಕಿಂತ ಹಗುರ. ಅದರ ಒಂದು ತುದಿಯನ್ನು ಬಿಸಿನೀರಿನ ಲೋಟಕ್ಕೆ ಅದ್ದಿ, ಇನ್ನೊಂದು ತುದಿಯನ್ನು ಬೆರಳಲ್ಲಿ ಹಿಡಿದುಕೊಂಡೆ. ಒಂದು, ಎರಡು, ಮೂರು ಎಣಿಸುವಷ್ಟರಲ್ಲಿ ಬಿಸಿ ತಾಳಲಾರದೆ ಕೈ ಬಿಟ್ಟೆ. ಅದೇ ಲೋಟದಲ್ಲಿದ್ದ ಸ್ಟೀಲ್ ಚಮಚದ ಹಿಡಿ ಆಗಿನ್ನೂ ತಣ್ಣಗಿತ್ತು.

ಇದೇ ಹೀಟ್ ಪೈಪ್. ಈಗಿನ ಗ್ರಾಫಿಕ್ಸ್ ಕಾರ್ಡುಗಳ ಡಬ್ಬದ ಮೇಲೆ "6 ಹೀಟ್ ಪೈಪ್", "8 ಹೀಟ್ ಪೈಪ್" ಎಂದು ದೊಡ್ಡದಾಗಿ ಬರೆದಿರುತ್ತಾರೆ. ಕೊಳ್ಳುವವರು ಅದನ್ನು ಓದುತ್ತಾರೆ, ಜಾಸ್ತಿ ಇದ್ದರೆ ಒಳ್ಳೆಯದು ಅಂದುಕೊಳ್ಳುತ್ತಾರೆ. ಆದರೆ ಒಳಗೆ ಏನು ನಡೆಯುತ್ತದೆ ಅನ್ನುವುದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಅದು ಗಟ್ಟಿ ತಾಮ್ರದ ಸರಳಲ್ಲ. ಅದರೊಳಗೆ ಮೋಟರಿಲ್ಲ, ಪಂಪಿಲ್ಲ, ವಿದ್ಯುತ್ತೂ ಇಲ್ಲ. ಆದರೂ ನೀರು ಅದರಲ್ಲಿ ಬಿಡುವಿಲ್ಲದೆ ಸುತ್ತುತ್ತಿರುತ್ತದೆ.

## ಅಂಚೆಚೀಟಿಯಷ್ಟು ಜಾಗದಲ್ಲಿ ಇಷ್ಟೊಂದು ಬಿಸಿ

ಗ್ರಾಫಿಕ್ಸ್ ಕಾರ್ಡ್ ಎಂದರೆ ಪರದೆಯ ಮೇಲಿನ ಚಿತ್ರಗಳನ್ನು ಲೆಕ್ಕ ಹಾಕಿ ಮೂಡಿಸುವ ಭಾಗ. ಅದರ ನಡುವೆ ಒಂದು ಮುಖ್ಯ ಚಿಪ್ ಇರುತ್ತದೆ. ಚಿಪ್ ಬಳಸುವ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿಯೇ ಹೊರಬರಬೇಕು. ಬೇರೆ ದಾರಿಯಿಲ್ಲ.

ಒಂದು ಉದಾಹರಣೆ ನೋಡೋಣ. 2022ರಲ್ಲಿ ಬಂದ ಎನ್‌ವಿಡಿಯಾದ ಆರ್‌ಟಿಎಕ್ಸ್ 4090 ಕಾರ್ಡಿನ ವಿದ್ಯುತ್ ಮಿತಿ 450 ವಾಟ್. ಇದು ಇಡೀ ಕಾರ್ಡಿನ ಲೆಕ್ಕ. ಆದರೆ ಅದರ ದೊಡ್ಡ ಪಾಲು ಹೋಗುವುದು ಚಿಪ್‌ಗೇ. ಆ ಚಿಪ್‌ನ ಅಗಲ ಉದ್ದ ಗುಣಿಸಿದರೆ ಸುಮಾರು 608 ಚದರ ಮಿಲಿಮೀಟರ್, ಅಂದರೆ ಒಂದು ಅಂಚೆಚೀಟಿಯಷ್ಟು. ಬಟ್ಟೆಗೆ ಇಸ್ತ್ರಿ ಮಾಡುವ ಪೆಟ್ಟಿಗೆ 1000 ವಾಟ್ ಇರಬಹುದು, ಆದರೆ ಅದರ ತಳ ಅಂಗೈಗಿಂತ ದೊಡ್ಡದು, ಶಾಖ ಅಷ್ಟಕ್ಕೂ ಹರಡಿರುತ್ತದೆ. ಒಂದೊಂದು ಚದರ ಸೆಂಟಿಮೀಟರ್‌ನಿಂದ ಎಷ್ಟು ಶಾಖ ಹೊರಡುತ್ತದೆ ಎಂದು ಲೆಕ್ಕ ಹಾಕಿದರೆ, ಚಿಪ್ ಆ ಇಸ್ತ್ರಿಪೆಟ್ಟಿಗೆಗಿಂತ ಹತ್ತು ಪಟ್ಟಿಗೂ ಮೇಲೆ ಇರುತ್ತದೆ.

ಇಸ್ತ್ರಿಪೆಟ್ಟಿಗೆ 150, 200 ಡಿಗ್ರಿಗೆ ಕಾದರೆ ಅದರ ಕೆಲಸಕ್ಕೆ ಅನುಕೂಲ. ಚಿಪ್ ಮಾತ್ರ 100 ಡಿಗ್ರಿ ಹತ್ತಿರ ಬರುವ ಮೊದಲೇ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳಲು ಶುರು ಮಾಡುತ್ತದೆ. ಆಗ ಆಟ ತಡವರಿಸುತ್ತದೆ, ವಿಡಿಯೋ ಕೆಲಸ ನಿಧಾನವಾಗುತ್ತದೆ.

ಈ ಶಾಖವನ್ನು ಕೊನೆಗೆ ಗಾಳಿಗೆ ಕೊಡಬೇಕು. ಗಾಳಿ ಶಾಖವನ್ನು ಸುಲಭವಾಗಿ ಹೀರಿಕೊಳ್ಳುವುದಿಲ್ಲ, ಅದಕ್ಕೆ ತುಂಬಾ ಮೇಲ್ಮೈ ಬೇಕು. ಕೂಲರಿನಲ್ಲಿ ಪುಸ್ತಕದ ಹಾಳೆಗಳ ಹಾಗೆ ಸಾಲಾಗಿ ನಿಂತಿರುವ ತೆಳು ಅಲ್ಯೂಮಿನಿಯಂ ತಗಡುಗಳನ್ನು ನೋಡಿರುತ್ತೀರಿ. ಅವುಗಳಿಗೆ ಫಿನ್ ಎನ್ನುತ್ತಾರೆ. ಫ್ಯಾನ್ ಗಾಳಿ ಊದುವುದು ಇವುಗಳ ಸಂದಿಯಲ್ಲೇ. ಹೀಗೆ ಶಾಖ ಹುಟ್ಟುವುದು ಅಂಚೆಚೀಟಿಯಷ್ಟು ಜಾಗದಲ್ಲಿ, ಬಿಡಬೇಕಾದದ್ದು ಒಂದು ಅಡಿ ಉದ್ದಕ್ಕೆ ಹರಡಿಕೊಂಡ ತಗಡುಗಳಲ್ಲಿ. ನಡುವಿನ ಸಾಗಣೆಯೇ ಹೀಟ್ ಪೈಪಿನ ಕೆಲಸ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಹೀಟ್ ಪೈಪ್ ಯಾವುದನ್ನೂ ತಣ್ಣಗೆ ಮಾಡುವುದಿಲ್ಲ. ಅದು ಶಾಖವನ್ನು ಹೊತ್ತುಕೊಂಡು ಹೋಗುತ್ತದೆ ಅಷ್ಟೇ. ತಣ್ಣಗೆ ಮಾಡುವುದು ತಗಡು ಮತ್ತು ಫ್ಯಾನಿನ ಗಾಳಿ.

## ಗಟ್ಟಿ ತಾಮ್ರ ಯಾಕೆ ಸಾಲದು?

ತಾಮ್ರ ಶಾಖವನ್ನು ಚೆನ್ನಾಗಿ ಸಾಗಿಸುವ ಲೋಹ, ಅಲ್ಯೂಮಿನಿಯಂಗಿಂತ ಬಹಳ ಮೇಲು. ಹಾಗಾದರೆ ಸುಮ್ನೆ ಗಟ್ಟಿ ತಾಮ್ರದ ಸರಳು ಹಾಕಿದರೆ ಆಗಲ್ವಾ?

ಲೆಕ್ಕ ಮಾಡಿ ನೋಡೋಣ. 6 ಮಿಲಿಮೀಟರ್ ದಪ್ಪ, 15 ಸೆಂಟಿಮೀಟರ್ ಉದ್ದದ ಗಟ್ಟಿ ತಾಮ್ರದ ಸರಳು ಇದೆ ಅಂದುಕೊಳ್ಳಿ. ಇದರ ಮೂಲಕ 30 ವಾಟ್ ಶಾಖವನ್ನು ಈ ತುದಿಯಿಂದ ಆ ತುದಿಗೆ ಕಳಿಸಬೇಕು. ಅದಕ್ಕೆ ಎರಡು ತುದಿಗಳ ನಡುವೆ ಸುಮಾರು 400 ಡಿಗ್ರಿ ವ್ಯತ್ಯಾಸ ಬೇಕಾಗುತ್ತದೆ! ತಗಡಿನ ಕಡೆ 40 ಡಿಗ್ರಿ ಇದ್ದರೆ ಚಿಪ್ಪಿನ ಕಡೆ 440 ಡಿಗ್ರಿ ಇರಬೇಕು. ಅಷ್ಟು ಹೊತ್ತಿಗೆ ಚಿಪ್ ಉಳಿದಿರುವುದಿಲ್ಲ.

ಅದೇ ಅಳತೆಯ ಹೀಟ್ ಪೈಪ್ ಅದೇ 30 ವಾಟ್ ಅನ್ನು ಕೆಲವೇ ಡಿಗ್ರಿ ವ್ಯತ್ಯಾಸದಲ್ಲಿ ದಾಟಿಸುತ್ತದೆ. ಹೊರಗಿನ ಲೋಹ ಎರಡರಲ್ಲೂ ಒಂದೇ. ವ್ಯತ್ಯಾಸ ಇರುವುದು ಒಳಗಿನ ಟೊಳ್ಳಿನಲ್ಲಿ.

## ಕೊಯ್ದು ನೋಡಿದರೆ

ಬೆರಳು ಬಿಸಿ ಮಾಡಿಸಿಕೊಂಡ ಮೇಲೆ ಆ ಕೊಳವೆಯನ್ನು ಗರಗಸದಿಂದ ನಿಧಾನಕ್ಕೆ ಕೊಯ್ದೆ. ನೀರು ತೊಟ್ಟಿಕ್ಕಬಹುದು ಅಂದುಕೊಂಡಿದ್ದೆ. ಒಂದು ಹನಿಯೂ ಬೀಳಲಿಲ್ಲ. ಒಳಗೋಡೆ ಮಾತ್ರ ನುಣ್ಣಗಿರಲಿಲ್ಲ. ಕೆಂಚು ಬಣ್ಣದ ಉಪ್ಪುಕಾಗದ ಅಂಟಿಸಿದ ಹಾಗೆ ತರಿತರಿಯಾಗಿತ್ತು. ಟಿಶ್ಯೂ ಕಾಗದವನ್ನು ಸುರುಳಿ ಮಾಡಿ ಒಳಗೆ ತೂರಿಸಿ ಒತ್ತಿದಾಗ ತುದಿ ತೇವವಾಯಿತು. ನೀರು ಇದ್ದದ್ದು ಆ ತರಿಯೊಳಗೆ, ಸ್ಪಂಜಿನಲ್ಲಿ ಇದ್ದ ಹಾಗೆ.

ಹೀಟ್ ಪೈಪ್ ಅಂದರೆ ಇಷ್ಟೇ: ಎರಡೂ ಕಡೆ ಮುಚ್ಚಿದ ತಾಮ್ರದ ಕೊಳವೆ, ಒಳಗೋಡೆಗೆ ಒಂದು ಸೂಕ್ಷ್ಮರಂಧ್ರಗಳ ಪದರ, ಅದರಲ್ಲಿ ಇಂಗಿರುವ ಹೆಚ್ಚುಕಡಿಮೆ ಒಂದು ಮಿಲಿಲೀಟರ್ ಶುದ್ಧ ನೀರು. ಮುಚ್ಚುವ ಮೊದಲು ಒಳಗಿನ ಗಾಳಿಯನ್ನೆಲ್ಲ ಹೊರಗೆ ಎಳೆದುಬಿಡುತ್ತಾರೆ. ಆಮೇಲೆ ಬಾಯಿ ಹಿಸುಕಿ ಬೆಸುಗೆ ಹಾಕುತ್ತಾರೆ. ಕೂಲರಿನ ಪಕ್ಕದಲ್ಲಿ ಕೊಳವೆಗಳ ತುದಿ ಮೊನಚಾಗಿ, ಮೊಗ್ಗಿನ ಹಾಗೆ ಕಾಣುವುದು ಈ ಕಾರಣಕ್ಕೆ.

## ನೀರು ರೂಪ ಬದಲಿಸುವಾಗ

ಇನ್ನು ಮುಖ್ಯ ವಿಷಯ. ಒಲೆಯ ಮೇಲೆ ಒಂದು ಪಾತ್ರೆ ನೀರಿಟ್ಟರೆ ಕುದಿ ಬರಲು ಸ್ವಲ್ಪ ಹೊತ್ತು ಸಾಕು. ಆದರೆ ಅದೇ ಉರಿಯಲ್ಲಿ ಆ ನೀರೆಲ್ಲ ಆರಿ ಪಾತ್ರೆ ಖಾಲಿಯಾಗಲು ಅದರ ಹಲವು ಪಟ್ಟು ಹೊತ್ತು ಬೇಕು. ಅಷ್ಟು ಹೊತ್ತೂ ಉರಿ ಶಾಖ ಕೊಡುತ್ತಲೇ ಇರುತ್ತದೆ, ನೀರು ಮಾತ್ರ 100 ಡಿಗ್ರಿಯಿಂದ ಮೇಲೇರುವುದಿಲ್ಲ. ಆ ಶಾಖವೆಲ್ಲ ಎಲ್ಲಿಗೆ ಹೋಯಿತು? ನೀರನ್ನು ಆವಿಯಾಗಿಸುವುದಕ್ಕೇ ಖರ್ಚಾಯಿತು. ಆವಿ ಅದನ್ನು ತನ್ನಲ್ಲೇ ಇಟ್ಟುಕೊಂಡು ಹೊರಟಿತು. ಶಾಲೆಯ ಪುಸ್ತಕದಲ್ಲಿ ಇದಕ್ಕೆ ಗುಪ್ತೋಷ್ಣ ಎನ್ನುತ್ತಿದ್ದರು, ಅಡಗಿರುವ ಶಾಖ. ಆವಿ ಮತ್ತೆ ನೀರಾಗುವಾಗ ಅಡಗಿದ್ದೆಲ್ಲವನ್ನೂ ಹೊರಹಾಕುತ್ತದೆ. ಕುದಿಯುವ ನೀರು ತಾಗಿದ್ದಕ್ಕಿಂತ ಹಬೆ ತಾಗಿದ ಸುಟ್ಟಗಾಯ ಕೆಟ್ಟದಾಗಿರುವುದು ಇದರಿಂದಲೇ.

ಅಂಕಿಯಲ್ಲಿ ಹೇಳುವುದಾದರೆ, ಒಂದು ಗ್ರಾಂ ನೀರನ್ನು 10 ಡಿಗ್ರಿ ಬಿಸಿ ಮಾಡಲು ಸುಮಾರು 42 ಜೂಲ್ ಶಾಖ ಸಾಕು. ಅದೇ ಒಂದು ಗ್ರಾಂ ಆವಿಯಾಗಲು, ಹೀಟ್ ಪೈಪ್ ಕೆಲಸ ಮಾಡುವ ಉಷ್ಣತೆಯಲ್ಲಿ, ಸುಮಾರು 2400 ಜೂಲ್ ಬೇಕು. ಐವತ್ತು ಪಟ್ಟಿಗಿಂತ ಜಾಸ್ತಿ! ಆದ್ದರಿಂದಲೇ 300 ವಾಟ್ ಶಾಖ ಸಾಗಿಸಲು ಎಲ್ಲಾ ಕೊಳವೆಗಳೂ ಸೇರಿ ಒಂದು ಸೆಕೆಂಡಿಗೆ ಗ್ರಾಮಿನ ಎಂಟನೇ ಒಂದು ಪಾಲು ನೀರನ್ನು ಆವಿ ಮಾಡಿದರೆ ಸಾಕಾಗುತ್ತದೆ. ಅಂದರೆ ಕೆಲವೇ ಹನಿ.

ಕೊಳವೆಯೊಳಗೆ ನಡೆಯುವುದು ಹೀಗೆ. ಚಿಪ್ಪಿಗೆ ತಾಗಿದ ಕಡೆ ಗೋಡೆ ಬಿಸಿಯಾಗುತ್ತದೆ. ಅಲ್ಲಿ ಇಂಗಿದ್ದ ನೀರು ಶಾಖ ಹೀರಿಕೊಂಡು ಆವಿಯಾಗಿ ನಡುವಿನ ಟೊಳ್ಳಿಗೆ ಬರುತ್ತದೆ. ಆವಿ ಹುಟ್ಟಿದ ಕಡೆ ಒತ್ತಡ ಸ್ವಲ್ಪ ಏರುತ್ತದೆ. ತಗಡುಗಳಿರುವ ಇನ್ನೊಂದು ಕಡೆ ಗೋಡೆ ತಂಪಾಗಿರುವುದರಿಂದ ಒತ್ತಡ ಕಡಿಮೆ. ಆವಿ ತಾನೇ ಅತ್ತ ನುಗ್ಗುತ್ತದೆ, ತಳ್ಳುವವರು ಯಾರೂ ಬೇಡ. ಅಲ್ಲಿ ಗೋಡೆಗೆ ತಾಗಿ, ಕುದಿಯುವ ಪಾತ್ರೆಯ ಮುಚ್ಚಳದ ಅಡಿಯಲ್ಲಿ ಹನಿಗಟ್ಟುವ ಹಾಗೆ, ನೀರಾಗುತ್ತದೆ. ಹೊತ್ತು ತಂದ ಶಾಖವನ್ನು ಗೋಡೆಗೆ ಕೊಡುತ್ತದೆ. ಗೋಡೆಯಿಂದ ತಗಡಿಗೆ, ತಗಡಿನಿಂದ ಗಾಳಿಗೆ.

## 100 ಡಿಗ್ರಿ ಆಗದೆ ಆವಿ ಹೇಗೆ?

ಇಲ್ಲಿ ಒಂದು ಪ್ರಶ್ನೆ ಏಳಬೇಕು. ನೀರು ಕುದಿಯುವುದು 100 ಡಿಗ್ರಿಯಲ್ಲಿ. ಚಿಪ್ 60, 70 ಡಿಗ್ರಿಯಲ್ಲಿ ಇದ್ದರೆ ಆವಿ ಹೇಗೆ ಬರುತ್ತದೆ?

100 ಡಿಗ್ರಿ ಅನ್ನುವುದು ನಮ್ಮ ಸುತ್ತಲಿನ ಗಾಳಿಯ ಒತ್ತಡದಲ್ಲಿ ಮಾತ್ರ ನಿಜ. ಕೊಳವೆಯೊಳಗೆ ಗಾಳಿಯೇ ಇಲ್ಲವಲ್ಲ. ಅಲ್ಲಿರುವುದು ನೀರು ಮತ್ತು ಅದರದೇ ಆವಿ. 50 ಡಿಗ್ರಿಯಲ್ಲಿ ಆ ಆವಿಯ ಒತ್ತಡ ಹೊರಗಿನ ಗಾಳಿಯ ಒತ್ತಡದ ಸುಮಾರು ಎಂಟನೇ ಒಂದು ಪಾಲು. ನೀರನ್ನು ಅದುಮಿ ಹಿಡಿಯುವ ಗಾಳಿ ಇಲ್ಲದ್ದರಿಂದ ಒಂದು ಕಡೆ ಸ್ವಲ್ಪ ಬಿಸಿಯಾದರೂ ಅಲ್ಲಿಂದ ಆವಿ ಹೊರಡುತ್ತದೆ.

"ಹೀಟ್ ಪೈಪ್ ಇಷ್ಟು ಡಿಗ್ರಿ ದಾಟಿದ ಮೇಲೇ ಕೆಲಸ ಶುರು ಮಾಡುತ್ತದೆ" ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದು ಸರಿಯಲ್ಲ. ನೀರು ಹೆಪ್ಪುಗಟ್ಟದೆ ಇದ್ದರೆ, ಎರಡು ತುದಿಗಳ ನಡುವೆ ಸ್ವಲ್ಪ ವ್ಯತ್ಯಾಸ ಬಂದರೂ ಸುತ್ತಾಟ ಶುರುವಾಗುತ್ತದೆ. ಬೆಚ್ಚಗಾದಷ್ಟೂ ಅದು ಇನ್ನೂ ಹುರುಪಿನಿಂದ ನಡೆಯುತ್ತದೆ, ಅಷ್ಟೇ.

## ವಾಪಸ್ ತರುವ ಬತ್ತಿ

ಆವಿ ಹೋಗಿದ್ದಾಯಿತು, ನೀರಾಗಿದ್ದೂ ಆಯಿತು. ಆ ನೀರು ಈಗ ತಂಪು ತುದಿಯಲ್ಲಿದೆ. ಅದು ಮತ್ತೆ ಚಿಪ್ಪಿನ ಕಡೆ ಬರದಿದ್ದರೆ ಮೊದಲ ಸುತ್ತಿಗೇ ಕೆಲಸ ನಿಂತುಹೋಗುತ್ತದೆ. ಹೀಟ್ ಪೈಪಿನ ನಿಜವಾದ ಜಾಣತನ ಇರುವುದು ಇಲ್ಲಿ ಎಂದು ನನಗೆ ಅನಿಸುತ್ತದೆ.

ಎಣ್ಣೆ ದೀಪದ ಬತ್ತಿಯನ್ನು ನೆನಪಿಸಿಕೊಳ್ಳಿ. ಎಣ್ಣೆ ಕೆಳಗೆ, ಉರಿ ಮೇಲೆ. ಎಣ್ಣೆಯನ್ನು ಯಾರೂ ಮೇಲಕ್ಕೆ ಎತ್ತುವುದಿಲ್ಲ. ಹತ್ತಿಯ ಎಳೆಗಳ ನಡುವಿನ ಸಣ್ಣ ಸಂದುಗಳಲ್ಲಿ ಅದು ತಾನೇ ಏರುತ್ತದೆ. ತುದಿಯಲ್ಲಿ ಉರಿದುಹೋದಷ್ಟೂ ಕೆಳಗಿನಿಂದ ಹೊಸದು ಬರುತ್ತದೆ. ಹೀಟ್ ಪೈಪಿನ ಒಳಗೋಡೆಯ ತರಿತರಿ ಪದರ ಇದೇ ಕೆಲಸ ಮಾಡುವ ಬತ್ತಿ.

ಇದಕ್ಕೆ ಕಾರಣ ಎರಡು. ನೀರಿನ ಕಣಗಳು ತಾಮ್ರಕ್ಕೆ ಅಂಟಿಕೊಳ್ಳಲು ಬಯಸುತ್ತವೆ, ಜೊತೆಗೆ ಒಂದನ್ನೊಂದು ಹಿಡಿದುಕೊಂಡೂ ಇರುತ್ತವೆ. ಸಣ್ಣ ರಂಧ್ರದಲ್ಲಿ ಅಂಚಿನ ಕಣಗಳು ಗೋಡೆಯ ಉದ್ದಕ್ಕೆ ಹತ್ತಿದಾಗ ಉಳಿದವನ್ನೂ ಎಳೆದುಕೊಂಡು ಹೋಗುತ್ತವೆ. ಬಿಸಿ ತುದಿಯಲ್ಲಿ ನೀರು ಆವಿಯಾದಂತೆ ರಂಧ್ರಗಳಲ್ಲಿ ನೀರಿನ ಮೇಲ್ಮೈ ಒಳಕ್ಕೆ ಬಾಗುತ್ತದೆ, ಬಾಗಿದಷ್ಟೂ ಎಳೆತ ಹೆಚ್ಚುತ್ತದೆ. ಅಂದರೆ ಹೆಚ್ಚು ನೀರು ಬೇಕಾದ ಕಡೆಯೇ ಹೆಚ್ಚು ಎಳೆತ. ಯಾವ ಸೆನ್ಸರೂ ಇಲ್ಲದೆ ಇದು ತಾನೇ ಹೊಂದಿಕೊಳ್ಳುತ್ತದೆ!

ರಂಧ್ರ ಸಣ್ಣದಾದಷ್ಟೂ ಎಳೆತ ಜೋರು. 0.1 ಮಿಲಿಮೀಟರ್ ಅಗಲದ ರಂಧ್ರ ನೀರನ್ನು ಸುಮಾರು 30 ಸೆಂಟಿಮೀಟರ್ ಎತ್ತರಕ್ಕೆ ಹಿಡಿದು ನಿಲ್ಲಿಸಬಲ್ಲದು. ಹಾಗಂತ ರಂಧ್ರಗಳನ್ನು ಇನ್ನೂ ಸಣ್ಣ ಮಾಡುತ್ತಾ ಹೋಗುವ ಹಾಗಿಲ್ಲ. ಸಣ್ಣ ದಾರಿಯಲ್ಲಿ ನೀರು ಹರಿಯುವುದಕ್ಕೇ ಕಷ್ಟ. ತೆಳು ಸ್ಟ್ರಾನಲ್ಲಿ ಕುಡಿಯುವಾಗ ಜಾಸ್ತಿ ಹೀರಬೇಕಾಗುತ್ತದಲ್ಲ, ಹಾಗೆ. ಎಳೆಯುವ ಬಲ ಮತ್ತು ಹರಿಯುವ ಸರಾಗ, ಎರಡನ್ನೂ ತೂಗಿ ಬತ್ತಿ ಮಾಡಬೇಕು.

ಬತ್ತಿ ಮಾಡುವ ದಾರಿಗಳು ಕೆಲವು ಇವೆ. ಅಗ್ಗದ ದಾರಿ ಎಂದರೆ ಒಳಗೋಡೆಯ ಉದ್ದಕ್ಕೂ ಸಣ್ಣ ಗೀರು ಕಾಲುವೆ ಕೊರೆಯುವುದು. ಇದರಲ್ಲಿ ನೀರು ಸರಾಗವಾಗಿ ಹರಿಯುತ್ತದೆ, ಆದರೆ ಎಳೆತ ಕಡಿಮೆ, ನೀರು ಮೇಲಕ್ಕೆ ಏರಬೇಕಾದರೆ ಸೋಲುತ್ತದೆ. ಇನ್ನೊಂದು, ತಾಮ್ರದ ತಂತಿಯ ಜಾಲರಿಯನ್ನು ಒಳಗೆ ಸುತ್ತುವುದು. ನಾನು ಕೊಯ್ದು ನೋಡಿದ್ದು ಮೂರನೆಯ ಬಗೆ. ಕೊಳವೆಯ ನಡುವೆ ಒಂದು ಸರಳು ನಿಲ್ಲಿಸಿ, ಸುತ್ತಲಿನ ಸಂದಿಗೆ ತಾಮ್ರದ ಪುಡಿ ತುಂಬಿ, ಕುಲುಮೆಯಲ್ಲಿ ಕಾಯಿಸುತ್ತಾರೆ. ಪುಡಿ ಕರಗುವ ಮೊದಲೇ ಕಣಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ, ನಡುವೆ ಸಂದು ಉಳಿಯುತ್ತದೆ. ಆಮೇಲೆ ಸರಳನ್ನು ಎಳೆದುಬಿಡುತ್ತಾರೆ. ಒಳ್ಳೆಯ ಗ್ರಾಫಿಕ್ಸ್ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಇರುವುದು ಇಂಥ ಪುಡಿ ಬತ್ತಿ, ಅಥವಾ ಎರಡು ಬಗೆಗಳನ್ನು ಸೇರಿಸಿದ್ದು.

## ಬತ್ತಿ ಬತ್ತಿದಾಗ

ಚಿಪ್ ಕೊಡುವ ಶಾಖ ಏರುತ್ತಾ ಹೋದರೆ ಒಂದು ಹಂತದಲ್ಲಿ ನೀರು ಆವಿಯಾಗುವ ವೇಗ, ಬತ್ತಿ ನೀರು ತರುವ ವೇಗವನ್ನು ಮೀರುತ್ತದೆ. ಬಿಸಿ ತುದಿ ಒಣಗುತ್ತದೆ. ಒಣಗಿದ ಮೇಲೆ ಅದು ಬರೀ ತೆಳು ಗೋಡೆಯ ತಾಮ್ರದ ಕೊಳವೆ, ಗಟ್ಟಿ ಸರಳಿಗಿಂತಲೂ ಕಡೆ. ಚಿಪ್ಪಿನ ಬಿಸಿ ಸರ್ರನೆ ಏರುತ್ತದೆ, ಫ್ಯಾನ್ ಎಷ್ಟು ಜೋರಾಗಿ ತಿರುಗಿದರೂ ಪ್ರಯೋಜನವಿಲ್ಲ, ಯಾಕೆಂದರೆ ಶಾಖ ತಗಡಿನ ತನಕ ಬರುವುದೇ ಇಲ್ಲ. ಒಳ್ಳೆಯ ಸುದ್ದಿ ಎಂದರೆ ಇದು ಶಾಶ್ವತ ಕೇಡಲ್ಲ. ಹೊರೆ ಇಳಿಸಿದರೆ ಬತ್ತಿ ಮತ್ತೆ ನೆನೆಯುತ್ತದೆ.

ಕಾರ್ಡನ್ನು ಯಾವ ಭಂಗಿಯಲ್ಲಿ ಇಟ್ಟಿದ್ದೀರಿ ಎನ್ನುವುದಕ್ಕೂ ಇಲ್ಲಿ ಬೆಲೆ ಬರುತ್ತದೆ. ಸಾಮಾನ್ಯ ನಿಲುವಿನ ಕಂಪ್ಯೂಟರ್ ಪೆಟ್ಟಿಗೆಯಲ್ಲಿ ಕಾರ್ಡ್ ಮಲಗಿರುತ್ತದೆ, ಫ್ಯಾನುಗಳು ನೆಲದ ಕಡೆ ಮುಖ ಮಾಡಿರುತ್ತವೆ. ಅಂದರೆ ಬಿಸಿ ಚಿಪ್ ಮೇಲೆ, ತಗಡು ಕೆಳಗೆ. ನೀರಾಗುವುದು ಕೆಳಗೆ, ಬೇಕಾಗಿರುವುದು ಮೇಲೆ. ಬತ್ತಿ ಅಷ್ಟು ಎತ್ತರಕ್ಕೆ ನೀರನ್ನು ಏರಿಸಲೇಬೇಕು. ಕೆಲವೇ ಸೆಂಟಿಮೀಟರ್ ಆದ್ದರಿಂದ ಒಳ್ಳೆಯ ಬತ್ತಿಗೆ ತೊಂದರೆಯಿಲ್ಲ. ಕೆಲವು ಪೆಟ್ಟಿಗೆಗಳಲ್ಲಿ ಕಾರ್ಡನ್ನು ಉದ್ದಕ್ಕೆ ನೆಟ್ಟಗೆ ನಿಲ್ಲಿಸುತ್ತಾರೆ, ಮಾನಿಟರ್ ಕೇಬಲ್ ಹಾಕುವ ತುದಿ ಮೇಲೆ ಬರುವ ಹಾಗೆ. ಆಗ ಚಿಪ್ಪಿನಿಂದ ಮೇಲಕ್ಕೆ ಹೋಗುವ ಕೊಳವೆಗಳಲ್ಲಿ ನೀರು ತಾನೇ ಇಳಿದು ಬರುತ್ತದೆ, ಕೆಳಕ್ಕೆ ಹೋಗುವವುಗಳಲ್ಲಿ ಬತ್ತಿಗೆ ದುಪ್ಪಟ್ಟು ಶ್ರಮ. ಒಂದೇ ಕಾರ್ಡ್ ಒಂದು ಭಂಗಿಯಲ್ಲಿ ತಂಪಾಗಿದ್ದು ಇನ್ನೊಂದರಲ್ಲಿ ಬಿಸಿಯಾಗುವುದು ಇದರಿಂದ.

ಇದು ಬರೀ ಪುಸ್ತಕದ ಮಾತಲ್ಲ. 2022ರ ಡಿಸೆಂಬರಿನಲ್ಲಿ ಎಎಂಡಿ ಕಂಪನಿಯ ರೇಡಿಯಾನ್ ಆರ್‌ಎಕ್ಸ್ 7900 ಎಕ್ಸ್‌ಟಿಎಕ್ಸ್ ಬಂದಾಗ, ಕಂಪನಿಯ ಸ್ವಂತ ವಿನ್ಯಾಸದ ಕೆಲವು ಕಾರ್ಡುಗಳಲ್ಲಿ ಚಿಪ್ಪಿನ ಅತಿ ಬಿಸಿ ಜಾಗ 110 ಡಿಗ್ರಿ ಮುಟ್ಟಿ ವೇಗ ಇಳಿಯುತ್ತಿತ್ತು. ಮಲಗಿಸಿದಾಗ ತೊಂದರೆ ಜಾಸ್ತಿ, ನಿಲ್ಲಿಸಿದಾಗ ಕಡಿಮೆ. ಕೊನೆಗೆ ಎಎಂಡಿ ಕಾರಣ ಹೇಳಿತು: ಆ ಕಾರ್ಡುಗಳಲ್ಲಿದ್ದ ವೇಪರ್ ಚೇಂಬರಿನೊಳಗೆ ನೀರು ಸಾಕಷ್ಟು ಇರಲಿಲ್ಲ. ಅಷ್ಟು ದೊಡ್ಡ ಯಂತ್ರ ಸೋತದ್ದು ಸ್ವಲ್ಪ ನೀರಿನ ಕೊರತೆಗೆ.

ವೇಪರ್ ಚೇಂಬರ್ ಅಂದರೆ ಬೇರೇನಲ್ಲ, ಚಪ್ಪಟೆಯಾಗಿ ಅಗಲವಾಗಿರುವ ಹೀಟ್ ಪೈಪ್. ಕೊಳವೆ ಶಾಖವನ್ನು ಒಂದು ಗೆರೆಯಲ್ಲಿ ಸಾಗಿಸಿದರೆ, ಇದು ತಟ್ಟೆಯ ಹಾಗೆ ಎಲ್ಲಾ ದಿಕ್ಕಿಗೂ ಹರಡುತ್ತದೆ. ದುಬಾರಿ ಕಾರ್ಡುಗಳಲ್ಲಿ ಚಿಪ್ಪಿನ ಮೇಲೆ ಇದನ್ನು ಕೂರಿಸಿ, ಅದರ ಬೆನ್ನಿಗೆ ತಗಡುಗಳನ್ನೋ ಕೊಳವೆಗಳನ್ನೋ ಬೆಸೆಯುತ್ತಾರೆ.

## ಕಂಪ್ಯೂಟರಿಗಾಗಿ ಹುಟ್ಟಿದ್ದಲ್ಲ

ಈ ಉಪಾಯ ಗ್ರಾಫಿಕ್ಸ್ ಕಾರ್ಡಿಗಿಂತ ಬಹಳ ಹಳೆಯದು. ಅಮೆರಿಕದ ಜನರಲ್ ಮೋಟರ್ಸ್‌ನ ರಿಚರ್ಡ್ ಗಾಗ್ಲರ್ ಅವರು ಬತ್ತಿಯಿಂದ ದ್ರವವನ್ನು ವಾಪಸ್ ತರುವ ಇಂಥ ಸಾಧನಕ್ಕೆ 1944ರಲ್ಲಿ ಪೇಟೆಂಟ್ ಪಡೆದಿದ್ದರು. ಅದು ಬಳಕೆಗೆ ಬಾರದೆ ಉಳಿಯಿತು. 1963ರಲ್ಲಿ ಲಾಸ್ ಅಲಮೋಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ ಇದನ್ನು ಸ್ವತಂತ್ರವಾಗಿ ಕಂಡುಕೊಂಡರು. ಹೀಟ್ ಪೈಪ್ ಎಂಬ ಹೆಸರು ಅವರದು. ಮೊದಲು ಕೈಗೆತ್ತಿಕೊಂಡವರು ಬಾಹ್ಯಾಕಾಶದವರು. ಕೆಳಗೆ ಮೇಲೆ ಎಂಬುದೇ ಇಲ್ಲದ ಕಡೆ ನೀರು ತಾನಾಗಿ ಇಳಿದು ಬರುವುದಿಲ್ಲ, ಬತ್ತಿ ಮಾತ್ರ ಕೆಲಸ ಮಾಡುತ್ತದೆ. ಉಪಗ್ರಹಗಳಲ್ಲಿ ಅಲ್ಯೂಮಿನಿಯಂ ಕೊಳವೆಯಲ್ಲಿ ಅಮೋನಿಯಾ ತುಂಬಿ ಬಳಸುತ್ತಾರೆ.

ಅಲ್ಯೂಮಿನಿಯಂಗೆ ನೀರು ಹಾಕುವುದಿಲ್ಲ. ಎರಡೂ ಸೇರಿದರೆ ಹೈಡ್ರೋಜನ್ ಅನಿಲ ಹುಟ್ಟಿ ತಂಪು ತುದಿಯಲ್ಲಿ ಕೂತುಬಿಡುತ್ತದೆ, ಆವಿಗೆ ಜಾಗ ಬಿಡುವುದಿಲ್ಲ. ತಾಮ್ರಕ್ಕೂ ನೀರಿಗೂ ಜಗಳವಿಲ್ಲ. ಕಾರ್ಡುಗಳಲ್ಲಿ ಈ ಜೋಡಿ ಗಟ್ಟಿಯಾಗಿ ನಿಂತಿರುವುದು ಅದಕ್ಕೆ.

## ಕೊಳವೆ ಜಾಸ್ತಿ ಇದ್ದರೆ ಒಳ್ಳೆಯದಾ?

ಸ್ವಲ್ಪ ಮಟ್ಟಿಗೆ ಹೌದು. ಒಂದೊಂದು ಕೊಳವೆಗೂ ಒಂದು ಮಿತಿ ಇರುವುದರಿಂದ ಹೊರೆ ಹಂಚಿಹೋಗಬೇಕು. ಆದರೆ ಎಣಿಕೆ ಒಂದನ್ನೇ ನೋಡಿದರೆ ಮೋಸ ಹೋಗುತ್ತೀರಿ. ಅಂಚೆಚೀಟಿಯಷ್ಟು ಚಿಪ್ಪಿನ ಮೇಲೆ ನೇರವಾಗಿ ಕೂರುವುದು ಮೂರೋ ನಾಲ್ಕೋ ಕೊಳವೆ. ಪಕ್ಕಕ್ಕೆ ಸರಿದವಕ್ಕೆ ಶಾಖ ತಡವಾಗಿ, ಕಡಿಮೆಯಾಗಿ ಸಿಗುತ್ತದೆ. ದಪ್ಪ ಕೊಳವೆ ತೆಳು ಕೊಳವೆಗಿಂತ ಬಹಳ ಹೆಚ್ಚು ಹೊರುತ್ತದೆ. ಜಾಗ ಸಾಲದೆ ಹೆಚ್ಚು ಚಪ್ಪಟೆ ಮಾಡಿದರೆ ಆವಿಯ ದಾರಿ ಕಿರಿದಾಗಿ ಹೊರುವ ಶಕ್ತಿ ಕುಗ್ಗುತ್ತದೆ. ಚೂಪಾಗಿ ಬಗ್ಗಿಸಿದರೂ ಹಾಗೇ. ಎಲ್ಲಕ್ಕಿಂತ ಹೆಚ್ಚಾಗಿ, ತಗಡು ಸಾಕಷ್ಟು ಇಲ್ಲದಿದ್ದರೆ, ಅಥವಾ ಧೂಳು ಕಟ್ಟಿ ಗಾಳಿ ಆಡದಿದ್ದರೆ, ಎಷ್ಟು ಕೊಳವೆಗಳಿದ್ದರೂ ಅವು ತಂದ ಶಾಖವನ್ನು ಇಳಿಸಲು ಜಾಗ ಇರುವುದಿಲ್ಲ.

ಕೊಳವೆ ಸವೆಯುವಂಥದ್ದಲ್ಲ. ಒಳಗೆ ಚಲಿಸುವ ಬಿಡಿಭಾಗಗಳಿಲ್ಲ, ಬೆಸುಗೆ ಬಿಡದಿದ್ದರೆ ಕಾರ್ಡಿನ ಆಯುಷ್ಯಕ್ಕಿಂತ ಹೆಚ್ಚು ಬಾಳುತ್ತದೆ. ವರ್ಷಗಳು ಕಳೆದಂತೆ ಕಾರ್ಡ್ ಬಿಸಿಯಾಗತೊಡಗಿದರೆ ಮೊದಲು ಅನುಮಾನಿಸಬೇಕಾದದ್ದು ಧೂಳನ್ನು, ಆಮೇಲೆ ಚಿಪ್ ಮತ್ತು ಕೂಲರ್ ನಡುವೆ ಶಾಖ ದಾಟಿಸಲು ಹಚ್ಚಿರುವ ಥರ್ಮಲ್ ಪೇಸ್ಟ್ ಒಣಗಿರುವುದನ್ನು. ಕೊಳವೆಯನ್ನು ಮಾತ್ರ ಎಂದೂ ಕೊರೆಯಬೇಡಿ, ಬಗ್ಗಿಸಬೇಡಿ. ಸೂಜಿಯಷ್ಟು ತೂತಾದರೂ ಗಾಳಿ ಒಳಗೆ ನುಗ್ಗಿ ಅದು ಸತ್ತಂತೆ. ಕೂಲರಿನಿಂದ ಬಿಚ್ಚಿದ ಕೊಳವೆಯನ್ನು ಬೆಂಕಿಗೂ ಹಿಡಿಯಬೇಡಿ, ಒಳಗಿನ ಹಬೆಯ ಒತ್ತಡಕ್ಕೆ ಸಿಡಿಯಬಹುದು.

ಕೂಲರ್ ಬಿಚ್ಚಿದ್ದಾಗ ಕೊಳವೆ ಬದುಕಿದೆಯಾ ಎಂದು ನೋಡುವುದು ಸುಲಭ. ಚಿಪ್ಪಿಗೆ ತಾಗುವ ತಾಮ್ರದ ಭಾಗವನ್ನು ಬಿಸಿನೀರಿಗೆ ತಾಗಿಸಿ ಹಿಡಿಯಿರಿ, ದೂರದ ತುದಿಗಳನ್ನು ಒಂದೊಂದಾಗಿ ಮುಟ್ಟುತ್ತಾ ಬನ್ನಿ. ಬದುಕಿರುವವು ಕೆಲವೇ ಸೆಕೆಂಡುಗಳಲ್ಲಿ ಬೆಚ್ಚಗಾಗುತ್ತವೆ. ಉಳಿದವೆಲ್ಲ ಬಿಸಿಯಾದ ಮೇಲೂ ಒಂದು ಮಾತ್ರ ತಣ್ಣಗೇ ಇದ್ದರೆ, ಅದರೊಳಗಿನ ನೀರು ಹೋಗಿದೆ, ಇಲ್ಲವೇ ಗಾಳಿ ನುಗ್ಗಿದೆ.